ಕತೆಯ ಕಾರೂ ಮಾವನ ಕಾರೂ

ನನಗೆ ಸ್ವಂತ ಕಾರಿಲ್ಲ. ಮುಂದೆ ಬಂದೀತೆಂಬ ಸೂಚನೆಯೂ ಸದ್ಯಕ್ಕೆ ಕಾಣುವುದಿಲ್ಲ. ಕಾಲೇಜಿಗೆ ಬರುವುದು ಸರ್ಕಾರಿ ಬಸ್ಸಿನಲ್ಲಿ. ಅದೂ ಬಹುಪಾಲು ದಿನ ಫುಟ್‌ಬೋರ್ಡಿನ ಮೇಲೆ ನಿಂತು. ಇಂಥವನು ಕಾರಿನ ಸುರಕ್ಷತೆಯನ್ನು ಕುರಿತು ಬರೆಯಲು ಹೊರಟರೆ ವಾಚಕರು ನಗಬಹುದು. ನಗಲಿ. ಈಜು ಬಾರದವನೇ ಅಲ್ಲವೇ ದಡದಲ್ಲಿ ನಿಂತು, ಕೈ ಹೀಗೆ ಬೀಸು, ಕಾಲು ಹಾಗೆ ಬಡಿ ಎಂದು ಹೇಳಿಕೊಡುವವನು! ಆದರೆ ನಾನು ಬರೆಯುತ್ತಿರುವುದು ಬರಿಯ ಉಪದೇಶವಲ್ಲ. ನಾನೇ ಮಾಡಿದ ಒಂದು ತಪ್ಪಿನ ಸಂಗತಿ ಇದರಲ್ಲಿ ಸೇರಿದೆ. ಅದನ್ನು ಎಲ್ಲಿಯಾದರೂ ಹೇಳಿಕೊಳ್ಳದೆ ಸಮಾಧಾನವಿಲ್ಲ.

ಮೊದಲು ನನ್ನ ಹುಚ್ಚಿನ ಮಾತು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಹಿಂದಿನದಕ್ಕಿಂತ ಮುಂದಿನದರಲ್ಲಿ ಆಸಕ್ತಿ ಹೆಚ್ಚು. ಮಗಧ ಸಾಮ್ರಾಜ್ಯದ ಪಾಠ ನಡೆಯುತ್ತಿರುವಾಗ ಡೆಸ್ಕಿನ ಕೆಳಗೆ ವಿಜ್ಞಾನ ಕತೆ ಓದಿ ಅಧ್ಯಾಪಕರ ಕೈಗೆ ಸಿಕ್ಕಿಬಿದ್ದದ್ದೂ ಉಂಟು. ಚಂದ್ರಲೋಕ, ಮಂಗಳಲೋಕ, ಮಾತನಾಡುವ ಯಂತ್ರ ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ತಾನೇ ಓಡುವ ಕಾರು. ಕಾರಿಲ್ಲದವನಿಗೆ ಕಾರಿನ ಕನಸು ಬೀಳುವುದು ಸಹಜವೇ.

ಈ ಕನಸು ಇಂದಿನದಲ್ಲ. 1935ರಲ್ಲಿಯೇ ಡೇವಿಡ್ ಕೆಲ್ಲರ್ ಎಂಬ ಅಮೆರಿಕದ ಲೇಖಕ ‘ದಿ ಲಿವಿಂಗ್ ಮೆಷೀನ್’ ಎಂಬ ಕತೆಯಲ್ಲಿ ಚಾಲಕನಿಲ್ಲದ ಕಾರನ್ನು ಓಡಿಸಿಬಿಟ್ಟ. ಅವನ ಕಾರಿನಲ್ಲಿ ಮುದುಕರು ದೇಶದ ಈ ಕೊನೆಯಿಂದ ಆ ಕೊನೆಗೆ ಹೋಗುತ್ತಾರೆ, ಕುರುಡರು ನಿರ್ಭಯವಾಗಿ ತಿರುಗಾಡುತ್ತಾರೆ, ತಾಯಿತಂದೆಗಳು ಮಕ್ಕಳನ್ನು ಒಂಟಿಯಾಗಿ ಕೂರಿಸಿ ಶಾಲೆಗೆ ಕಳುಹಿಸುತ್ತಾರೆ. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಜನರಲ್ ಮೋಟರ್ಸ್ ಕಂಪನಿಗಾಗಿ ನಾರ್ಮನ್ ಬೆಲ್ ಗೆಡ್ಡಿಸ್ ಎಂಬ ವಿನ್ಯಾಸಕಾರ ಒಂದು ಬೊಂಬೆನಗರವನ್ನೇ ಕಟ್ಟಿ ತೋರಿಸಿದ. 1960ರ ವೇಳೆಗೆ ಕಾರುಗಳು ಒಂದಕ್ಕೊಂದು ತಗುಲದಂತೆ ತಾವೇ ಅಂತರ ಕಾಯ್ದುಕೊಂಡು ಹೆದ್ದಾರಿಯಲ್ಲಿ ಸಾಲಾಗಿ ಹರಿಯುತ್ತವೆ ಎಂಬುದು ಅವನ ಭವಿಷ್ಯವಾಣಿ. 1953ರಲ್ಲಿ ಐಸಾಕ್ ಅಸಿಮೋವ್ ‘ಸ್ಯಾಲಿ’ ಎಂಬ ಕತೆ ಬರೆದ. ಅದರಲ್ಲಿ ಕಾರುಗಳಿಗೇ ಮಿದುಳುಂಟು; ಮನುಷ್ಯ ಸ್ಟಿಯರಿಂಗ್ ಹಿಡಿಯುವುದು ಹಳೆಯ ಕಾಲದ ಮಾತು. ದುಡಿದು ನಿವೃತ್ತಿಯಾದ ಕಾರುಗಳನ್ನು ಸಾಕಲು ಒಂದು ತೋಟವೇ ಇದೆ. ನಮ್ಮಲ್ಲಿ ಮುದಿ ಗೋವುಗಳಿಗೆ ಪಿಂಜರಾಪೋಲು ಇದ್ದಂತೆ ಅಲ್ಲಿ ಮುದಿ ಕಾರುಗಳಿಗೆ!

ಇವನ್ನೆಲ್ಲ ಓದಿ ಇಂದಿನ ಕಾರುಗಳನ್ನು ನೋಡಿದರೆ, ವಿಜ್ಞಾನ ಕತೆಯನ್ನು ಹಿಡಿಯಲು ಓಡೋಡಿ ಬರುತ್ತಿದೆ ಎನ್ನಿಸುತ್ತದೆ. ಮುಂದಿನ ವಾಹನ ಥಟ್ಟನೆ ನಿಂತರೆ, ರಾಡಾರು ಮತ್ತು ಕ್ಯಾಮರಾಗಳ ಕಣ್ಣಿನಿಂದ ಅದನ್ನು ಕಂಡು ತಾನೇ ಬ್ರೇಕು ಹಾಕುವ ಕಾರು ಬಂದಿದೆ. ಗೆರೆ ದಾಟಿದರೆ ಸ್ಟಿಯರಿಂಗನ್ನು ಮೆಲ್ಲಗೆ ಎಳೆದು ದಾರಿಗೆ ತರುವ ಕಾರಿದೆ. ಚಾಲಕ ತೂಕಡಿಸುವುದನ್ನು ಗುರುತಿಸಿ, ಎದುರಿಗೆ ಒಂದು ಕಾಫಿ ಬಟ್ಟಲಿನ ಚಿತ್ರವನ್ನು ಬೆಳಗಿಸುವ ಕಾರೂ ಇದೆ; ಕಾಫಿಯನ್ನು ಮಾತ್ರ ನಾವೇ ಕುಡಿಯಬೇಕು. ಯುರೋಪಿನಲ್ಲಿ 2018ರಿಂದ ಹೊಸ ಮಾದರಿಯ ಕಾರುಗಳು ಅಪಘಾತವಾದೊಡನೆ ತಾವೇ ಸಹಾಯಕ್ಕೆ ಫೋನು ಮಾಡಬೇಕೆಂಬ ಕಾನೂನಿದೆ. ಅಮೆರಿಕದ ಫೀನಿಕ್ಸ್ ನಗರದಲ್ಲಿ 2020ರಿಂದ ಮುಂದಿನ ಆಸನದಲ್ಲಿ ಯಾರೂ ಇಲ್ಲದ ಬಾಡಿಗೆ ಕಾರುಗಳಲ್ಲಿ ಜನ ಹಣ ಕೊಟ್ಟು ಪ್ರಯಾಣ ಮಾಡುತ್ತಿದ್ದಾರೆ. ಕೆಲ್ಲರನ ಕುರುಡ ಇಂದು ಅಲ್ಲಿಗೆ ಹೋದರೆ ನಿಜವಾಗಿಯೂ ಒಬ್ಬನೇ ಕಾರು ಹತ್ತಿ ಹೋಗಬಹುದು.

ಇನ್ನು ನನ್ನ ಸೋದರಮಾವನ ಕಾರಿನ ವಿಷಯಕ್ಕೆ ಬರುತ್ತೇನೆ.

ಮಾವ ಬಾಡಿಗೆ ಕಾರು ಓಡಿಸಿ ಜೀವನ ಮಾಡುವವರು. ಬಹುಕಾಲ ಅವರಲ್ಲಿದ್ದದ್ದು ಒಂದು ಹಳೆಯ ಅಂಬಾಸಡರ್. ಅದರ ತಗಡಿನ ಮೇಲೆ ಗುದ್ದಿ, “ನೋಡ್ಲಾ, ಹೆಂಗದೆ ಕಬ್ಬಿಣ! ಎಮ್ಮೆ ಗುದ್ದುದ್ರೂ ಎಮ್ಮೆನೇ ಬೀಳ್ಬೇಕು” ಎನ್ನುತ್ತಿದ್ದರು. ಆ ಕಾರು ಮುಪ್ಪಾದ ಮೇಲೆ ಸಾಲ ಮಾಡಿ ಹಳದಿ ಬೋರ್ಡಿನ ಒಂದು ಹೊಸ ಕಾರನ್ನು ಕೊಂಡರು. ತಾನೇ ಬ್ರೇಕು ಹಾಕುವ ಜಾತಿಯದಲ್ಲ. ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಆದರೂ ಕಾನೂನಿನ ಪ್ರಕಾರ ಮುಂದಿನ ಇಬ್ಬರಿಗೂ ಏರ್‌ಬ್ಯಾಗು ಇತ್ತು. ಮುಂದೆ ಕೂತವರು ಸೀಟ್ ಬೆಲ್ಟು ಹಾಕದಿದ್ದರೆ ಕಾರು ಕೀಂ ಕೀಂ ಎಂದು ಕೂಗುತ್ತಿತ್ತು.

ಈ ಕೂಗು ಮಾವನಿಗೆ ಆಗದು. “ಬೆಲ್ಟು ಇರೋದು ಪೊಲೀಸ್ನೋರಿಗೆ ಕಣ್ಲಾ, ನಮಗಲ್ಲ” ಎಂಬುದು ಅವರ ಸಿದ್ಧಾಂತ. ಒಂದೇ ವಾರದಲ್ಲಿ ಪೇಟೆಯ ಅಂಗಡಿಯಿಂದ ಒಂದು ಸಣ್ಣ ಕ್ಲಿಪ್ಪು ತಂದರು. ಬೆಲ್ಟಿನ ನಾಲಗೆಯ ಆಕಾರದ್ದು. ಅದನ್ನು ಸಿಕ್ಕಿಸಿಬಿಟ್ಟರೆ ಬೆಲ್ಟು ಹಾಕಿದ್ದಾರೆಂದು ಕಾರು ನಂಬಿ ಸುಮ್ಮನಾಗುತ್ತದೆ. ನಾನು ನಕ್ಕೆನೇ ಹೊರತು ಬೇಡವೆನ್ನಲಿಲ್ಲ. ಇದು ನಮ್ಮ ಮಾವನೊಬ್ಬರ ಜಾಣತನವೂ ಅಲ್ಲ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟಗಾರರಿಗೆ ಅಪ್ಪಣೆ ಮಾಡಿದಾಗ, ಅವರು ತೆಗೆದುಹಾಕಿದ ಇಂಥ ಕ್ಲಿಪ್ಪುಗಳ ಮಾರಾಟದ ಪ್ರಕಟಣೆಗಳು ಒಟ್ಟು 13,118! ಯಂತ್ರಕ್ಕೆ ಎಷ್ಟು ಬುದ್ಧಿ ಬಂದೀತೆಂಬುದನ್ನು ಕತೆ ಬರೆದವರು ಚೆನ್ನಾಗಿಯೇ ಊಹಿಸಿದರು. ಆ ಯಂತ್ರದ ಬಾಯಿ ಮುಚ್ಚಿಸುವ ನಮ್ಮ ಬುದ್ಧಿಯನ್ನು ಮಾತ್ರ ಅವರು ಊಹಿಸಲಿಲ್ಲ.

2024ರ ಫೆಬ್ರವರಿಯಲ್ಲಿ ಮಳವಳ್ಳಿಯ ಕಡೆ ನಮ್ಮ ನೆಂಟರ ಮನೆಯಲ್ಲಿ ಒಂದು ಮದುವೆ. ಮಾವ, ಅವರ ತಾಯಿಯಾದ ನಮ್ಮಜ್ಜಿ ಮತ್ತು ನಾನು ಕಾರಿನಲ್ಲಿ ಹೋಗಿದ್ದೆವು. ರಾತ್ರಿ ಊಟ ಮುಗಿಸಿ ಹೊರಡುವಾಗ ಬೀಗರು ಒಂದು ದೊಡ್ಡ ಬಾಳೆಗೊನೆಯನ್ನು ತಂದು ಮುಂದಿನ ಆಸನದಲ್ಲಿಟ್ಟರು. ಕಾರು ಹೊರಟದ್ದೇ ತಡ, ಕೀಂ ಕೀಂ ಎಂದು ಕೂಗತೊಡಗಿತು. ಆ ಗೊನೆಯ ಭಾರಕ್ಕೆ ಯಾರೋ ಕೂತಿದ್ದಾರೆಂದು ಅದು ತಿಳಿದಿತ್ತು. ಮಾವ ಕ್ಲಿಪ್ಪಿಗಾಗಿ ತಡಕಾಡಿದರು. ಮದುವೆ ಮನೆಯ ಹುಡುಗರು ಕಾರಿನಲ್ಲಿ ಆಟವಾಡುತ್ತ ಅದನ್ನು ಎಲ್ಲಿಯೋ ಕಳೆದುಬಿಟ್ಟಿದ್ದರು. ಬೈದುಕೊಳ್ಳುತ್ತ ತಾವೂ ಬೆಲ್ಟು ಹಾಕಿಕೊಂಡು, ಬಾಳೆಗೊನೆಗೂ ಒಂದು ಬೆಲ್ಟು ಬಿಗಿದರು. ಕಾರು ತೆಪ್ಪಗಾಯಿತು.

ಹಿಂದೆ ಕೂತಿದ್ದ ಅಜ್ಜಿಗೆ ನಗು ಬಂತು. “ಅದೇನ್ಲಾ ಮಗ, ನಿಮ್ಮಾವ ಬಾಳೆಗೊನೆಗೂ ಪಟ್ಟಿ ಕಟ್ತಾನೆ! ನಮಗಿಲ್ವಾ?” ಎಂದರು.

“ಹಿಂದೆ ಕೂತೋರಿಗೆ ಬೇಡ ಕಣಜ್ಜಿ” ಎಂದೆ.

ಈ ಒಂದು ಮಾತೇ ನನ್ನ ತಪ್ಪು. ಹಿಂದೆಯೂ ಬೆಲ್ಟು ಇತ್ತು. ಆದರೆ ಹೊಸ ಸೀಟು ಕವರಿನ ಅಡಿಯಲ್ಲಿ ಹುದುಗಿಹೋಗಿತ್ತು. ಕವರನ್ನು ಎತ್ತಿ ಅದನ್ನು ಹೊರಗೆಳೆಯಬೇಕಾಗಿತ್ತು. ಎರಡು ನಿಮಿಷದ ಕೆಲಸ. ನನಗೆ ಸೋಮಾರಿತನ. ಕಾರು ಹಿಂದಿನವರಿಗಾಗಿ ಕೂಗುತ್ತಲೂ ಇರಲಿಲ್ಲ. ಕೂಗದಿದ್ದಮೇಲೆ ನಮಗೆ ಅಪಾಯವೂ ಇಲ್ಲವೆಂದು ಕಾಣುತ್ತದೆ ನನ್ನ ತರ್ಕ! ಬೆಲ್ಟು ಬೇಡವೆಂದ ಬಾಯಿಂದಲೇ ದಾರಿಯುದ್ದಕ್ಕೂ ಅಜ್ಜಿಗೆ ಚಾಲಕನಿಲ್ಲದ ಕಾರಿನ ವರ್ಣನೆ ಮಾಡಿದೆ. ಅಜ್ಜಿ ಎಲ್ಲವನ್ನೂ ಕೇಳಿ, “ಹಂಗಾದ್ರೆ ನಿಮ್ಮಾವ ಏನ್ ಮಾಡ್ತಾನೆ?” ಎಂದರು.

ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಒಂದು ತಿರುವಿನಲ್ಲಿ, ಆಲೆಮನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರು ರಸ್ತೆಯ ಮೇಲೆಯೇ ಕೆಟ್ಟು ನಿಂತಿತ್ತು. ಟ್ರೇಲರಿಗೆ ಹಿಂದೆ ದೀಪವಿಲ್ಲ, ರಿಫ್ಲೆಕ್ಟರೂ ಇಲ್ಲ. ಕತ್ತಲೆಯಲ್ಲಿ ಕತ್ತಲೆಯಾಗಿಯೇ ನಿಂತಿತ್ತು. ಮಾವ ಬ್ರೇಕು ತುಳಿದರು. ಅಷ್ಟು ನೆನಪಿದೆ. ಆಮೇಲೆ ಒಂದು ದೊಡ್ಡ ಶಬ್ದ, ಮುಖದ ಮೇಲೆ ಮುಂದಿನ ಸೀಟಿನ ಪೆಟ್ಟು, ಮತ್ತು ನನ್ನ ಎದೆಗೆ ಅಡ್ಡವಾಗಿ ಚಾಚಿದ ಅಜ್ಜಿಯ ಬಲಗೈ.

ಮಾವ ಏರ್‌ಬ್ಯಾಗಿನ ಪುಡಿಯಿಂದ ಮುಖವೆಲ್ಲ ಬೆಳ್ಳಗಾಗಿ ಕೆಳಗಿಳಿದರು. ಬೆಲ್ಟು ಒತ್ತಿದ ಕಡೆ ಕಪ್ಪಗೆ ಬಾಸುಂಡೆ ಎದ್ದಿದ್ದುದು ಬಿಟ್ಟರೆ ಅವರಿಗೆ ಏನೂ ಆಗಿರಲಿಲ್ಲ. ಬಾಳೆಗೊನೆಯಲ್ಲಿ ಒಂದು ಕಾಯಿ ಕೂಡ ಉದುರಿರಲಿಲ್ಲ. ನನ್ನ ಹಣೆಗೆ ನಾಲ್ಕು ಹೊಲಿಗೆ. ಅಜ್ಜಿಯ ಬಲತೋಳು ಎರಡು ಕಡೆ ಮುರಿದಿತ್ತು, ಹೆಗಲು ಕಳಚಿತ್ತು. ನನ್ನನ್ನು ಬೀಳದಂತೆ ಹಿಡಿಯಲು ಚಾಚಿದ ಕೈ ಅದು. ನನ್ನ ಎದೆಗೂ ಮುಂದಿನ ಸೀಟಿಗೂ ನಡುವೆ ಸಿಕ್ಕಿ ಮುರಿಯಿತು. ಎಲ್ಲರೂ ಟ್ರ್ಯಾಕ್ಟರಿನವನನ್ನು ಬೈದರು, ಬೈಯಬೇಕಾದ್ದೇ. ಆದರೆ ಅಜ್ಜಿಯ ತೋಳನ್ನು ಮುರಿದದ್ದು ಟ್ರೇಲರಲ್ಲ, ನನ್ನ ದೇಹದ ಭಾರ ಎಂಬುದು ನನಗೆ ಗೊತ್ತಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಆ ದಿನಗಳಲ್ಲಿ ನಾನು ಕತೆಗಳನ್ನು ಬಿಟ್ಟು, ಕಾರಿನೊಳಗಿನ ಮನುಷ್ಯನನ್ನು ಉಳಿಸಲು ನಿಜವಾಗಿ ದುಡಿದವರ ಸಂಗತಿಯನ್ನು ಓದತೊಡಗಿದೆ. ಮೊದಲು ಸಿಕ್ಕಿದವನು ಜಾನ್ ಹೆಟ್ರಿಕ್ ಎಂಬ ಅಮೆರಿಕನ್. 1952ರಲ್ಲಿ ಒಂದು ದಿನ ಹೆಂಡತಿ ಮತ್ತು ಮಗಳೊಡನೆ ಕಾರಿನಲ್ಲಿ ಹೋಗುತ್ತಿದ್ದಾಗ ದಾರಿಯಲ್ಲಿ ಒಂದು ಬಂಡೆ ಅಡ್ಡ ಬಂತು. ಅವನು ಕಾರನ್ನು ಪಕ್ಕಕ್ಕೆ ತಿರುಗಿಸಿದ; ಅದು ಹಳ್ಳಕ್ಕೆ ಇಳಿಯಿತು. ಆ ಕ್ಷಣದಲ್ಲಿ ಗಂಡ ಹೆಂಡತಿ ಇಬ್ಬರೂ ನಡುವೆ ಕೂತಿದ್ದ ಮಗಳ ಮುಂದೆ ತಮ್ಮ ತಮ್ಮ ಕೈಗಳನ್ನು ಚಾಚಿದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಕೈ ಚಾಚುವ ಆ ಕೆಲಸವನ್ನು ಕಾರೇ ಏಕೆ ಮಾಡಬಾರದು ಎಂಬ ಯೋಚನೆ ಅವನನ್ನು ಬಿಡಲಿಲ್ಲ. 1953ರಲ್ಲಿ ಅವನಿಗೆ ಏರ್‌ಬ್ಯಾಗಿನ ಪೇಟೆಂಟು ದೊರೆಯಿತು. ಕಾರಿನ ಕಂಪನಿಗಳು ಆಗ ಅದನ್ನು ತಿರುಗಿಯೂ ನೋಡಲಿಲ್ಲ. ಅದರಿಂದ ಅವನಿಗೆ ಹಣವೂ ಹುಟ್ಟಲಿಲ್ಲ. ಇಂದು ಡಿಕ್ಕಿಯಾದ ಮೇಲೆ ಕಣ್ಣು ಮಿಟುಕಿಸುವುದಕ್ಕಿಂತ ಮೊದಲೇ ಆ ಚೀಲ ಉಬ್ಬಿ ನಿಲ್ಲುತ್ತದೆ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಅಜ್ಜಿಯ ಹಾಸಿಗೆಯ ಕಡೆ ನೋಡಿದೆ. ಹೆಟ್ರಿಕ್ ದಂಪತಿಗಳ ಕೈಯೂ ನಮ್ಮಜ್ಜಿಯ ಕೈಯೂ ಒಂದೇ.

ಆದರೆ ಬರಿಯ ಕೈಯಿಂದ ಆಗುವ ಕೆಲಸ ಅದಲ್ಲ. ವಿಜ್ಞಾನ ಓದುವ ಗೆಳೆಯನೊಬ್ಬ ನನಗೆ ಲೆಕ್ಕ ಹಾಕಿ ತೋರಿಸಿದ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗಿ ಗುದ್ದುವುದೂ ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರನೆಯ ಮಹಡಿಯಿಂದ, ಕೆಳಗೆ ಬೀಳುವುದೂ ಒಂದೇ. 60 ಕಿಲೋ ತೂಗುವ ನನ್ನಂಥವನನ್ನು ಆ ವೇಗದಿಂದ ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ತಡೆದು ನಿಲ್ಲಿಸಲು ಸುಮಾರು 850 ಕಿಲೋ ಭಾರದಷ್ಟು ಬಲ ಬೇಕು. ಮಾವ ಬ್ರೇಕು ಹಾಕಿದ್ದರಿಂದ ನಮ್ಮ ವೇಗ ಅದಕ್ಕಿಂತ ಕಡಿಮೆಯೇ ಆಗಿದ್ದಿರಬೇಕು. ಆದರೂ ಎಪ್ಪತ್ತು ದಾಟಿದ ಮುದುಕಿಯ ತೋಳು ಎಷ್ಟನ್ನು ತಡೆದೀತು?

ತಡೆಯಬಲ್ಲದ್ದು ಆ ಪಟ್ಟಿ. ಅದನ್ನು ಇಂದಿನ ರೂಪಕ್ಕೆ ತಂದವನು ಸ್ವೀಡನ್ನಿನ ನಿಲ್ಸ್ ಬೋಲಿನ್. ಅವನು ಮೊದಲು ಯುದ್ಧವಿಮಾನದಿಂದ ಪೈಲಟನನ್ನು ಆಸನಸಮೇತ ಹೊರಕ್ಕೆ ಎಸೆಯುವ ಸಾಧನದ ಮೇಲೆ ಕೆಲಸ ಮಾಡುತ್ತಿದ್ದ. ಹೊರಕ್ಕೆ ಎಸೆಯುವ ವಿದ್ಯೆ ಬಲ್ಲವನಿಗೇ ಒಳಗೆ ಹಿಡಿದಿಡುವ ವಿದ್ಯೆಯೂ ಒಲಿಯಿತು. 1959ರಲ್ಲಿ ವೋಲ್ವೊ ಕಾರಿಗೆ ಅವನು ಮಾಡಿದ ಬೆಲ್ಟು ಎದೆಯ ಮೇಲೆ ಓರೆಯಾಗಿ, ಸೊಂಟದ ಮೇಲೆ ಅಡ್ಡವಾಗಿ ಹಾಯುತ್ತದೆ. ಪೆಟ್ಟನ್ನು ಮೆತ್ತನೆಯ ಹೊಟ್ಟೆಯ ಮೇಲೆ ಬಿಡದೆ ಗಟ್ಟಿ ಎಲುಬುಗಳ ಮೇಲೆ ಹಂಚುತ್ತದೆ. ಒಂದೇ ಕೈಯಿಂದ ಹಾಕಿಕೊಳ್ಳುವಂತಿರಬೇಕು ಎಂಬುದು ಅವನ ಹಟವಾಗಿತ್ತು. ವೋಲ್ವೊ ಕಂಪನಿ ಆ ಪೇಟೆಂಟನ್ನು ಎಲ್ಲ ಕಂಪನಿಗಳೂ ಬಳಸಿಕೊಳ್ಳುವಂತೆ ಬಿಟ್ಟುಕೊಟ್ಟಿತು. ಸಕ್ಕರೆಯನ್ನು ಹಂಚುವವರು ಉಂಟು, ಸಕ್ಕರೆ ಮಾಡುವ ವಿದ್ಯೆಯನ್ನು ಹಂಚುವವರು ಅಪರೂಪ.

ಅದೇ 1959ರಲ್ಲಿ ಬೇಲಾ ಬಾರೆನ್ಯಿ ಎಂಬ ಎಂಜಿನಿಯರನ ಯೋಚನೆಯಂತೆ, ಮುಂಭಾಗ ಬೇಕೆಂದೇ ನುಗ್ಗಾಗುವ ಮರ್ಸಿಡಿಸ್ ಕಾರೂ ಹೊರಬಂತು. ಮೂತಿಯೂ ಬೆನ್ನೂ ಮುದುಡಿ ಪೆಟ್ಟನ್ನು ನುಂಗಬೇಕು, ಜನ ಕೂರುವ ನಡುಮನೆ ಮಾತ್ರ ಅಲುಗಬಾರದು ಎಂಬುದು ಅವನ ಸೂತ್ರ. ಮಾವ ಗುದ್ದಿ ಗುದ್ದಿ ಮೆಚ್ಚುತ್ತಿದ್ದ ಗಟ್ಟಿ ತಗಡಿಗೆ ಇದು ತೀರ ವಿರುದ್ಧ. ತಗಡು ಮಣಿಯದಿದ್ದರೆ ಆ ಪೆಟ್ಟು ಒಳಗಿನವರ ಮೈಗೆ ಬರುತ್ತದೆ. ಹೊಸ ಕಾರಿನ ನಜ್ಜುಗುಜ್ಜಾದ ಮೂತಿಯನ್ನು ಕಂಡು, “ಇಷ್ಟು ಸಾಲ ಮಾಡಿ ತಗಡಿನ ಡಬ್ಬ ತಂದ್ನಲ್ಲಾ” ಎಂದು ಅತ್ತ ಮಾವನಿಗೆ, “ಅದು ಮುರಿದಿದ್ದಕ್ಕೇ ನೀವು ಉಳಿದಿರಿ ಮಾವ” ಎಂದು ತಿಳಿಸಿಹೇಳಲು ನನಗೆ ಒಂದು ವಾರ ಹಿಡಿಯಿತು.

ಕತೆ ಬರೆದವರಿಗೂ ಈ ಮೂವರಿಗೂ ಇರುವ ಅಂತರ ನನಗೆ ಆಗ ಹೊಳೆಯಿತು. ಕತೆಗಾರರು ತಪ್ಪೇ ಮಾಡದ ಯಂತ್ರವನ್ನು ಕನಸಿದರು. ಇವರು, ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಮಾಡಿದಾಗ ಅವನ ಎಲುಬು ಉಳಿಯಬೇಕು ಎಂದುಕೊಂಡು ಕೆಲಸ ಮಾಡಿದರು. ಮೊದಲನೆಯದು ಈಗ ನಮ್ಮ ಕಣ್ಣೆದುರಿಗೆ ಬರುತ್ತಿದೆ, ನಿಜ. ಆದರೆ ಅದು ಇನ್ನೂ ಕಲಿಯುತ್ತಿರುವ ಮಗು. ಸ್ವೀಡನ್ನಿನಲ್ಲಿ ಕಡವೆಯಂಥ ದೊಡ್ಡ ಪ್ರಾಣಿಗಳನ್ನು ಗುರುತಿಸಲು ಕಲಿತಿದ್ದ ವೋಲ್ವೊ ಯಂತ್ರ, ಆಸ್ಟ್ರೇಲಿಯದಲ್ಲಿ ಕಾಂಗರೂ ಕಂಡು ಕಂಗೆಟ್ಟಿತೆಂದು 2017ರಲ್ಲಿ ಕಂಪನಿಯವರೇ ಹೇಳಿಕೊಂಡರು. ನೆಲವನ್ನು ಆಧಾರ ಮಾಡಿಕೊಂಡು ದೂರವನ್ನು ಅಳೆಯುವ ಯಂತ್ರಕ್ಕೆ, ನೆಲದಿಂದ ನೆಗೆದ ಕಾಂಗರೂ ದೂರ ಹೋದಂತೆಯೂ ಕೆಳಗಿಳಿದದ್ದು ಹತ್ತಿರ ಬಂದಂತೆಯೂ ಕಂಡಿತಂತೆ! ಇದು ನಗುವ ಮಾತು. ಆದರೆ 2018ರ ಮಾರ್ಚಿಯಲ್ಲಿ ಅಮೆರಿಕದ ಟೆಂಪಿ ನಗರದಲ್ಲಿ ನಡೆದದ್ದು ನಗುವ ಮಾತಲ್ಲ. ರಾತ್ರಿ ಸೈಕಲ್ಲು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಒಬ್ಬ ಹೆಂಗಸನ್ನು, ತಾನೇ ಓಡುತ್ತಿದ್ದ ಪರೀಕ್ಷೆಯ ಕಾರು ಐದು ಸೆಕೆಂಡಿಗಿಂತ ಮುಂಚೆಯೇ ಕಂಡಿತ್ತು. ಒಮ್ಮೆ ಅದನ್ನು ವಾಹನವೆಂದಿತು, ಒಮ್ಮೆ ಸೈಕಲ್ಲೆಂದಿತು. ದಾಟುವ ಗೆರೆಯಿಲ್ಲದ ಕಡೆ ಮನುಷ್ಯರು ನಡೆದುಬರಬಹುದೆಂದು ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಕಾಯಲು ಕೂತಿದ್ದ ಚಾಲಕಿಯ ಕಣ್ಣು ರಸ್ತೆಯ ಮೇಲಿರಲಿಲ್ಲ. ಆ ಹೆಂಗಸು ತೀರಿಕೊಂಡಳು.

ದಾಟುವ ಗೆರೆಯನ್ನೇ ಕಾಣದ ನಮ್ಮ ಊರುಗಳಿಗೆ ಆ ಕಾರು ಬಂದರೆ ಏನು ಗತಿ! ಹೈದರಾಬಾದಿನ ಐಐಐಟಿ ಸಂಸ್ಥೆಯವರು 2018ರಲ್ಲಿ ಹೈದರಾಬಾದು ಮತ್ತು ಬೆಂಗಳೂರಿನ ರಸ್ತೆಗಳ ಸುಮಾರು ಹತ್ತು ಸಾವಿರ ಚಿತ್ರಗಳನ್ನು ಒಟ್ಟುಮಾಡಿ, ಆಟೋರಿಕ್ಷಾ ಯಾವುದು, ಪ್ರಾಣಿ ಯಾವುದು, ರಸ್ತೆಯ ಅಂಚಿನ ಮಣ್ಣು ಯಾವುದು ಎಂದು ಯಂತ್ರಕ್ಕೆ ಪಾಠ ಹೇಳಲು ಸಿದ್ಧಮಾಡಿದ್ದಾರೆ. ಇದು ಒಳ್ಳೆಯ ಅಕ್ಷರಾಭ್ಯಾಸ. ಕಬ್ಬಿನ ಟ್ರೇಲರೂ ಒಂದು ದಿನ ಆ ಪಾಠದಲ್ಲಿ ಬರಲಿ. ಆದರೆ ಟ್ರೇಲರಿಗೆ ಒಂದು ಕೆಂಪು ರಿಫ್ಲೆಕ್ಟರು ಅಂಟಿಸಲು ಆ ದಿನದವರೆಗೆ ಕಾಯಬೇಕಾಗಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ ಎಂದು ಸರ್ಕಾರದ ವರದಿಯೇ ಹೇಳುತ್ತದೆ. ಇವರಲ್ಲಿ ಸೀಟ್ ಬೆಲ್ಟು ಹಾಕದೆ ಸತ್ತವರು 16,715. ಇದು ಯಾವ ಭವಿಷ್ಯದ ಯಂತ್ರಕ್ಕೂ ಕಾಯಬೇಕಾದ ಸಮಸ್ಯೆಯಲ್ಲ. ಇದರ ಉತ್ತರ ಅರವತ್ತು ವರ್ಷಕ್ಕೂ ಹಿಂದೆಯೇ ಸಿಕ್ಕಿದೆ. ನಮ್ಮ ಮಾವನ ಕಾರಿನಲ್ಲಿಯೂ ಇತ್ತು, ಸೀಟು ಕವರಿನ ಅಡಿಯಲ್ಲಿ.

ಕಾರು ರಿಪೇರಿಯಾಗಿ ಬಂದಿದೆ. ಮಾವ ಕ್ಲಿಪ್ಪಿನ ಮಾತನ್ನು ಎತ್ತುವುದಿಲ್ಲ. ಸೀಟು ಕವರನ್ನು ಬ್ಲೇಡಿನಿಂದ ಕೊಯ್ದು ಹಿಂದಿನ ಬೆಲ್ಟುಗಳನ್ನು ಹೊರಗೆ ತೆಗೆದಿದ್ದಾರೆ; ನೋಡಲು ಚೆನ್ನಾಗಿಲ್ಲವೆಂದು ಕೆಲವು ಗಿರಾಕಿಗಳು ಆಡಿಕೊಳ್ಳುತ್ತಾರಂತೆ. ಅಜ್ಜಿಯ ಎಲುಬು ಕೂಡಿದೆ, ಆದರೆ ಬಲಗೈ ಹೆಗಲಿನಿಂದ ಮೇಲಕ್ಕೆ ಏಳುವುದಿಲ್ಲ. ತುರುಬು ಕಟ್ಟಿಕೊಳ್ಳಲು ಅಮ್ಮನನ್ನು ಕೂಗಬೇಕು. ಇದಕ್ಕಾಗಿ ಅವರು ನನಗೆ ಒಂದು ದಿನವೂ ಒಂದು ಮಾತು ಅಂದದ್ದಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈಗಲೂ ಆಸ್ಪತ್ರೆಗೆ ತೋರಿಸಲು ತಿಂಗಳಿಗೊಮ್ಮೆ ಮಾವನ ಕಾರಿನಲ್ಲಿ ಹೋಗುತ್ತೇವೆ. ಅಜ್ಜಿ ಹಿಂದೆ ಎಡಗಡೆ ಕೂತು, ಸೆರಗು ಸರಿಮಾಡಿಕೊಂಡು, “ಎಲ್ಲಿ, ಬಾಳೆಗೊನೆ ಪಟ್ಟಿ ತಾ” ಎನ್ನುತ್ತಾರೆ. ಒಂದೇ ಕೈಯಿಂದ ಹಾಕಿಕೊಳ್ಳಲಿ ಎಂದು ಬೋಲಿನ್ ಮಾಡಿದ ಬೆಲ್ಟು ಅದು. ಅಜ್ಜಿಗೆ ಆ ಕೈಯೇ ಏಳುವುದಿಲ್ಲವಾದ್ದರಿಂದ, ಎಳೆದು ಹಾಕುವ ಕೆಲಸ ನನ್ನದು.